ಆ ಛಾಪಾ ಕಾಗದ ಎಲ್ಲಿದೆ, ತಾಯಿ?

ದಾವಣಗೆರೆಯಿಂದ ಬಂದ ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಜಮಾನರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ. ಒಂಬತ್ತು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಓದು, ಫಿಸಿಯೋಥೆರಪಿ ಎರಡೂ ಸಿಗಲಿ ಅಂತ ಹೋದ ವರ್ಷ ವಸತಿ ಶಾಲೆಗೆ ಸೇರಿಸಿದಿರಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಕರಕೊಂಡು ಬರೋಣವೆಂದರೆ ಶಾಲೆಯವರು ಕಳಿಸುತ್ತಿಲ್ಲ. ‘ನನ್ನ ಮಗನ ಮೇಲೆ ನನಗೆ ಹಕ್ಕಿಲ್ಲವಾ? ಬಿಟ್ಟು ಬಂದ ನಾನು ಕೆಟ್ಟ ತಾಯಿನಾ?’ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ, ಅಲ್ಲ. ಮುಂದಕ್ಕೆ ಹೋಗೋಣ.

ಮೂರು ಪುಟದ ಪತ್ರದ ತುದಿಯಲ್ಲಿ ಒಂದೇ ಸಾಲು: ‘ಸೇರಿಸುವಾಗ ಛಾಪಾ ಕಾಗದಕ್ಕೆ ಸಹಿ ಹಾಕಿದ್ವಿ, ಏನಿತ್ತೋ ಗೊತ್ತಿಲ್ಲ, ಭಾವನವರೇ ಅದನ್ನು ಓದಿ ಸಾಕ್ಷಿ ಸಹಿ ಹಾಕಿದ್ದರು.’ ಅಯ್ಯೋ ತಾಯಿ, ಪತ್ರ ಶುರುವಾಗಬೇಕಿದ್ದದ್ದೇ ಇಲ್ಲಿಂದ! ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ ಅಂತ ಈ ಅಂಕಣದಲ್ಲಿ ಬರೆದು ಬರೆದು ನನ್ನ ಪೆನ್ನು ಸವೆದಿದೆ. ಭಟ್ಟಿಯಲ್ಲಿ ಚೀಲ ಎಣಿಸದೆ ಲೋಡು ಬಿಡದ ನಿಮ್ಮ ಯಜಮಾನರು ಇಲ್ಲಿ ಮಾತ್ರ ಕಣ್ಣು ಮುಚ್ಚಿದರು.

ಶಾಲೆಯವರನ್ನು ನಾನು ಹೆಚ್ಚು ಬಯ್ಯುವುದಿಲ್ಲ. ಜಾತ್ರೆ ಗದ್ದಲದಲ್ಲಿ ಮಗುವಿಗೆ ಹೆಚ್ಚುಕಡಿಮೆಯಾದರೆ ಅನ್ನುವ ಭಯ ಅವರಿಗಿರಬಹುದು. ನನ್ನ ಸಿಟ್ಟೆಲ್ಲ ಭಾವನ ಮೇಲೆ. ‘ಒಮ್ಮೆ ಕೊಟ್ಟಾಯ್ತು, ಮತ್ತೆ ಯಾಕೆ ಎಳೀತೀ’ ಅಂದರಂತೆ. ಕೊಟ್ಟುಬಿಡುವುದಕ್ಕೆ ಹುಡುಗನೇನು ಅಡಿಕೆ ತೋಟವೇ?

ಓದಿಸಲು ಸೇರಿಸುವುದು ಬೇರೆ, ಹೆತ್ತವರ ಹಕ್ಕನ್ನೇ ಬಿಟ್ಟು ಮಗುವನ್ನು ಒಪ್ಪಿಸಿಬಿಡುವುದು ಬೇರೆ. ಒಪ್ಪಿಸುವುದೇ ಆದರೂ 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಆಗಬೇಕು; ಆಮೇಲೂ ಮನಸ್ಸು ಬದಲಿಸಲು ಎರಡು ತಿಂಗಳು ಕೊಡಬೇಕು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 9ನೇ ಕಲಂ ಇನ್ನೂ ಖಡಕ್ಕು: ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರೆ ಮಾಡುವಂತಿಲ್ಲ. ಮಗುವಿನ ಹಿತಕ್ಕೆ ಅನಿವಾರ್ಯವೆಂದು ನ್ಯಾಯಾಲಯವೇ ಆದೇಶಿಸಿದರೆ ಮಾತು ಬೇರೆ. ಭಾವನ ಸಾಕ್ಷಿ ಸಹಿಯಿದ್ದ ಮಾತ್ರಕ್ಕೆ ಛಾಪಾ ಕಾಗದ ನ್ಯಾಯಾಲಯದ ಆದೇಶವಾಗುವುದಿಲ್ಲ.

ನೀವು ಮಾಡಬೇಕಾದದ್ದು ಒಂದೇ. ಸೋಮವಾರ ಯಜಮಾನರ ಜೊತೆ ಶಾಲೆಗೆ ಹೋಗಿ ಆ ಕಾಗದದ ಜೆರಾಕ್ಸ್ ತನ್ನಿ. ಜಗಳ ಬೇಡ, ಅಳು ಬೇಡ, ಜಾತ್ರೆ ಮಾತೂ ಎತ್ತಬೇಡಿ. ಕೊಡದಿದ್ದರೆ ಕೇಳಿದ್ದನ್ನೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಯಾವುದು ಸಿಕ್ಕಿತೋ ಅದನ್ನು ಹಿಡಿದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರು ಪುಕ್ಕಟೆ.

ಭಾವನವರು ಮನೆಯಲ್ಲೇ ಇರಲಿ.