ಪೋಲೆಂಡಿನವರ ಜೊತೆ ಡ್ಯೂಟಿ

ಪ್ರಶ್ನೆ: ಅಕ್ಕಾರ, ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಐರ್ಲೆಂಡಿನ ನರ್ಸಿಂಗ್ ಹೋಮ್‌ನಾಗ ಕೆಲಸಕ್ಕ ಸೇರ್ಯಾಳ. ಅಲ್ಲಿ ಅರ್ಧಕ್ಕರ್ಧ ಪೋಲೆಂಡಿನವರಂತ. ಊಟಕ್ಕ ಕುಂತಾಗ ತಮ್ಮ ಭಾಷೇದಾಗ ಮಾತಾಡ್ತಾರ, ಇಕಿನ್ನ ಕರಿಯೂದಿಲ್ಲ. ಅವರಾಗ ಎಂ.ಎ. ಓದಿದಾಕಿ ಒಬ್ಬಾಕಿ ಅಲ್ಲೇ ನೆಲಾ ಒರಸ್ತಾಳಂತ. ಬಿಳಿ ಮಂದೀದ ಹಿಂಗಾದ್ರ ನಮ್ಮ ಹುಡುಗಿ ಗತಿ ಏನ್ರಿ?
– ಒಬ್ಬ ತಾಯಿ, ಗೋಕಾಕ

ಉತ್ತರ: ತಂಗೀ, ಬೆಳಗಾವಿಗೆ ಮರಳುವ ಮುಂಚೆ ನಾನೂ ಐರ್ಲೆಂಡಿನ ಕಾರ್ಕ್ ಊರಿನಲ್ಲಿ ಇಂಥದೇ ಕಡೆ, ಅಂದರೆ ವೃದ್ಧರನ್ನು ನೋಡಿಕೊಳ್ಳುವ ಮನೆಯಲ್ಲಿ, ನರ್ಸ್ ಆಗಿದ್ದೆ. ಆ ಎಂ.ಎ. ಹೆಣ್ಣುಮಗಳಂಥವರು ಅಲ್ಲಿ ಬೇಕಾದಷ್ಟು.

ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ್ದು 2004ರ ಮೇ 1ಕ್ಕೆ. ಅಂದೇ ಅವರಿಗೆ ಕೆಲಸದ ಬಾಗಿಲು ತೆರೆದವರು ಬ್ರಿಟನ್, ಐರ್ಲೆಂಡ್, ಸ್ವೀಡನ್. ಪಕ್ಕದ ಜರ್ಮನಿ 2011ರವರೆಗೂ ತೆರೆಯಲಿಲ್ಲ. 2011ರ ಐರಿಷ್ ಜನಗಣತಿಯಲ್ಲಿ ಪೋಲರು 1,22,585. ಅಲ್ಲಿದ್ದ ಬ್ರಿಟಿಷರಿಗಿಂತ ಹೆಚ್ಚು. ಎರಡು ವರ್ಷ ದುಡಿದು ಊರಲ್ಲಿ ಮನೆ ಕಟ್ಟೋಣ ಅಂತ ಬಂದವರು ಬಹಳ. ಎರಡೇ ವರ್ಷಕ್ಕೆ ಇಂಗ್ಲಿಷ್ ಯಾಕೆ? ಶಿಫ್ಟಿನಲ್ಲಿ ಪೋಲಿಷ್, ಅಂಗಡಿಯಲ್ಲಿ ಪೋಲಿಷ್, ಚರ್ಚಿನ ಪಾದ್ರಿಯೂ ಪೋಲಿಷ್. ಪದವಿ ಪೆಟ್ಟಿಗೆಯಲ್ಲೇ ಉಳಿಯಿತು. ನನ್ನ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದವಳು ತನ್ನ ಊರಲ್ಲಿ ಶಾಲೆ ಟೀಚರ್. ಸಂಜೆ ಇಂಗ್ಲಿಷ್ ಕ್ಲಾಸಿಗೆ ಹೋಗಿ, ಕೇರ್ ಅಸಿಸ್ಟೆಂಟ್ (ಊಟ, ಸ್ನಾನ ಮಾಡಿಸಿ ನೋಡಿಕೊಳ್ಳುವ ಸಹಾಯಕಿ) ಕೋರ್ಸ್ ಮುಗಿಸಿ ಮಾಪ್ ಬಿಟ್ಟಳು. ಜೊತೆಗೆ ಬಂದವರು ಹಾಗೇ ಉಳಿದರು.

ನಿಮ್ಮ ಮಗಳ ಲೆಕ್ಕ ಬೇರೆ. ಮೊದಲು ಒಂದು ಮಾತು ಕೇಳಿ: ಅಲ್ಲಿನ ನರ್ಸಿಂಗ್ ಮಂಡಳಿಯ ನೋಂದಣಿ ಆಗಿ ನರ್ಸ್ ಅಂತಲೇ ಇದ್ದಾಳೋ, ಇಲ್ಲಾ ಕೇರ್ ಅಸಿಸ್ಟೆಂಟ್ ಅಂತಲೋ? ನೋಂದಣಿ ಆಗಿದ್ದರೆ ಆ ಎಂ.ಎ.ಯವಳ ಚಿಂತೆ ಇವಳಿಗೆ ಬೇಡ. ಆಗಿರದಿದ್ದರೆ ಅದನ್ನೇ ಬೆನ್ನು ಹತ್ತಲಿ, ಉಳಿದದ್ದು ಆಮೇಲೆ.

ಮತ್ತೆ, ಪೋಲರ ಧಿಮಾಕು ಇವಳು ಕಲಿಯಬಾರದು. ಅವರಿಗೆ ವೀಸಾ ಬೇಕಿಲ್ಲ. ಮ್ಯಾನೇಜರ್ ಜೊತೆ ಜಗಳ ಆಡಿ ನಾಳೆಯೇ ಬೇರೆ ಕಡೆ ಸೇರುತ್ತಾರೆ, ಬೇಸರವಾದರೆ ಮೂರು ತಾಸಿನ ವಿಮಾನ ಹತ್ತಿ ಅವ್ವನ ಮನೆಗೆ ಹೋಗುತ್ತಾರೆ. ಇವಳದು ಸರ್ಕಾರ ಕೊಟ್ಟ ಕೆಲಸದ ಪರ್ಮಿಟ್. ಮೊದಲ ಪರ್ಮಿಟ್‌ನಲ್ಲಿ ಮಾಲೀಕರನ್ನು ಬದಲಿಸಲು ಒಂಬತ್ತು ತಿಂಗಳು ಕಾಯಬೇಕು.

ಊಟದ ಟೇಬಲ್ಲಿನದು ಸೊಕ್ಕಲ್ಲ. ಹನ್ನೆರಡು ತಾಸು ದುಡಿದು ದಣಿದವರು ತಮ್ಮ ಭಾಷೆಗೆ ಹೊರಳುತ್ತಾರೆ, ನಮ್ಮ ಕೇರಳದ ನರ್ಸುಗಳೂ ಅಷ್ಟೇ. ಬೆಳಗಾವಿಯ ಟಿಳಕವಾಡಿಯಲ್ಲಿ ಮರಾಠಿ ಮನೆಗಳ ನಡುವೆ ಬೆಳೆದ ನನಗೆ ಅದೇನೂ ಹೊಸತನಿಸಲಿಲ್ಲ. ಮಾತು ತೆಗೆಯಲು ವಿಷಯ ಬೇಕಾದರೆ ವಳಿವಡೆ ಇದೆ. ನಮ್ಮ ಕೊಲ್ಹಾಪುರದ ಪಕ್ಕ ಅಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರಿದ್ದರು. ಶಾಲೆ, ಚರ್ಚು ಎಲ್ಲ ಕಟ್ಟಿಕೊಂಡಿದ್ದರು. ನಾನು ಹೇಳಿದಾಗ ಆ ಟೀಚರ್ ನಂಬಲಿಲ್ಲ, ಫೋನಿನಲ್ಲಿ ಹುಡುಕಿ ನೋಡಿ ಕುರ್ಚಿ ನನ್ನ ಕಡೆ ಎಳೆದುಕೊಂಡಳು.

ಅವರ ದೊಡ್ಡ ಹಬ್ಬ ಡಿಸೆಂಬರ್ 24ರ ರಾತ್ರಿಯದು. ಆ ಊಟಕ್ಕೆ ಮಾಂಸವಿಲ್ಲ, ಮೀನುಂಟು. ಬೀಟ್‌ರೂಟ್ ಸಾರು, ಎಲೆಕೋಸು ಅಣಬೆ ತುಂಬಿದ ಕಡುಬಿನಂಥದ್ದು. ಕರೆಯದೆ ಬಂದವರಿಗೆಂದು ಒಂದು ತಟ್ಟೆ ಹೆಚ್ಚು ಇಡುತ್ತಾರೆ. ಮಾಂಸ ತಿನ್ನದ ನಾನು ಹೊಟ್ಟೆ ತುಂಬ ಉಂಡದ್ದು ಅಲ್ಲೇ. ನಿಮ್ಮ ಮಗಳು ಈ ವರ್ಷ 24ರ ರಾತ್ರಿ ಡ್ಯೂಟಿ ತಾನು ಮಾಡುತ್ತೇನೆ ಅನ್ನಲಿ, ಬದಲಿಗೆ ಯುಗಾದಿಗೆ ರಜೆ ಕೇಳಲಿ. ಪಟ್ಟಿ ಬಹಳ ಮುಂಚೆಯೇ ತಯಾರಾಗುತ್ತದೆ, ಈಗಲೇ ಹೇಳಿಡಲಿ.