ಜ್ವಾಲಾಮುಖಿಯ ಉಬ್ಬು ಅಳೆಯುವುದರಿಂದ ಯಾರಿಗೆ ಉಪಯೋಗ?

ನಿಮ್ಮ ತಂಗಿ ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದಾಳೆ. ಜ್ವಾಲಾಮುಖಿ ಸಿಡಿಯುವ ಮೊದಲು ನೆಲ ಉಬ್ಬುವುದನ್ನು ಉಪಗ್ರಹದಿಂದ ಅಳೆಯುವ ಸಂಶೋಧನೆಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಕರ್ನಾಟಕದಲ್ಲಿ ಒಂದೂ ಜ್ವಾಲಾಮುಖಿ ಇಲ್ಲ, ಸಂಶೋಧನೆಯನ್ನೇ ಮಾಡುವುದಾದರೆ ಕ್ಯಾನ್ಸರ್ ಔಷಧದಂಥ ನಾಲ್ಕು ಜನರ ಜೀವ ಉಳಿಸುವ ವಿಷಯ ಹಿಡಿಯಬಾರದೇ ಎಂದು ನೀವು ಕೇಳಿದ್ದೀರಿ. ಈ ಎರಡೂ ವಿಷಯಗಳು ನಮ್ಮ ಮನೆಯೊಳಗೇ ಇರುವುದರಿಂದ ಉತ್ತರ ಬರೆಯಲು ಕುಳಿತಿದ್ದೇನೆ. ನಾನು ಗದಗಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಭೂವಿಜ್ಞಾನ ಕಲಿಸುತ್ತೇನೆ. ನನ್ನ ತಮ್ಮ ಬೆಟಗೇರಿಯಲ್ಲಿ ಮಗ್ಗ ನಡೆಸುತ್ತಾನೆ. ಅವನಿಗೆ ಸಿಎಂಎಲ್ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ. 2014ರಿಂದ ದಿನಕ್ಕೊಂದು ಇಮ್ಯಾಟಿನಿಬ್ ಮಾತ್ರೆ ನುಂಗಿ ಮಗ್ಗದ ಮುಂದೆ ಕುಳಿತುಕೊಳ್ಳುತ್ತಾನೆ.

ಅವನ ರೋಗ ಪತ್ತೆಯಾದ ದಿನವನ್ನು ಮೊದಲು ಹೇಳುತ್ತೇನೆ. ಆ ವರ್ಷ ಮಳೆಗಾಲದಲ್ಲಿ ಅವನ ಊಟ ಇಳಿಯಿತು. ನಾಲ್ಕು ರೊಟ್ಟಿ ತಿನ್ನುತ್ತಿದ್ದವನು ಒಂದೂವರೆ ರೊಟ್ಟಿಗೇ ಹೊಟ್ಟೆ ತುಂಬಿತು ಎಂದು ಏಳುತ್ತಿದ್ದ. ಅವ್ವ ಅಜೀರ್ಣವೆಂದು ಓಮಿನ ನೀರು ಕುಡಿಸುತ್ತಿದ್ದಳು. ಕೊನೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ವೈದ್ಯರು ಅವನನ್ನು ಮಲಗಿಸಿ, ಎಡಗಡೆಯ ಪಕ್ಕೆಲುಬಿನ ಕೆಳಗೆ ಬೆರಳುಗಳನ್ನು ಮೆಲ್ಲಗೆ ಒತ್ತುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಬಾಲ್‌ಪೆನ್ನಿನಿಂದ ಅಲ್ಲೊಂದು ಗೆರೆ ಎಳೆದು, ಪಕ್ಕೆಲುಬಿನ ಅಂಚಿನಿಂದ ಆ ಗೆರೆಯವರೆಗೆ ಟೇಪು ಹಿಡಿದರು. ಒಂಬತ್ತು ಸೆಂಟಿಮೀಟರ್. ಗುಲ್ಮ (ಸ್ಪ್ಲೀನ್) ಅಷ್ಟು ಊದಿಕೊಂಡು ಜಠರವನ್ನು ಒತ್ತುತ್ತಿತ್ತು. ರೊಟ್ಟಿಗೆ ಜಾಗ ಇಲ್ಲದಿದ್ದುದು ಅದಕ್ಕೇ. "ಇದು ಹೊರಗೆ ಕಾಣುವ ಗುರುತು ಅಷ್ಟೇ, ಮೂಲ ಎಲುಬಿನ ಮಜ್ಜೆಯಲ್ಲಿದೆ" ಎಂದರು. ಬಿಳಿ ರಕ್ತಕಣಗಳ ಎಣಿಕೆ 11,000 ದಾಟಬಾರದು. ಅವನದು ಒಂದೂ ಮುಕ್ಕಾಲು ಲಕ್ಷ ದಾಟಿತ್ತು.

ಆ ಟೇಪನ್ನು ನೋಡುತ್ತ ನಿಂತವಳಿಗೆ ನಾನು ತರಗತಿಯಲ್ಲಿ ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುವ ಚಿತ್ರವೇ ನೆನಪಾಯಿತು. ನೆಲದಾಳದ ಕೋಣೆಯಲ್ಲಿ ಶಿಲಾಪಾಕ, ಅಂದರೆ ಕರಗಿದ ಕಲ್ಲು, ತುಂಬುತ್ತ ಬಂದಂತೆ ಮೇಲಿನ ನೆಲ ಉಬ್ಬುತ್ತದೆ, ಅದು ಹೊರಬಿದ್ದ ಮೇಲೆ ಕುಸಿಯುತ್ತದೆ. ಕೋಣೆಯನ್ನು ಯಾರೂ ಕಂಡಿಲ್ಲ. ಮೇಲಿನ ಉಬ್ಬು ಎಷ್ಟು ಎತ್ತರ, ಎಷ್ಟು ಅಗಲ ಎಂಬುದರಿಂದಲೇ ಅದರ ಆಳವನ್ನು ಲೆಕ್ಕ ಹಾಕಬೇಕು. ಈ ಲೆಕ್ಕವನ್ನು 1958ರಲ್ಲಿ ಸರಳ ಸೂತ್ರಕ್ಕೆ ಇಳಿಸಿಕೊಟ್ಟವರು ಜಪಾನಿನ ಕಿಯೂ ಮೋಗಿ. ಸಕುರಾಜಿಮಾ ಜ್ವಾಲಾಮುಖಿ 1914ರಲ್ಲಿ ಸಿಡಿದಾಗ ಸುತ್ತಲಿನ ನೆಲ ಕುಸಿದಿತ್ತು. ಆ ಕುಸಿತದ ಅಳತೆಯಿಂದ ಶಿಲಾಪಾಕದ ಕೋಣೆ ಸುಮಾರು 10 ಕಿಲೋಮೀಟರ್ ಆಳದಲ್ಲಿದೆ ಎಂದು ಅವರು ತೋರಿಸಿದರು. ಅವರು ಬಳಸಿದ ಅಳತೆಗಳು ದಶಕಗಳಷ್ಟು ಹಳೆಯವು. ಮಟ್ಟದ ಕೋಲು ಹೊತ್ತು ಆ ದಾರಿಗಳಲ್ಲಿ ನಡೆದ ಸರ್ವೇಯವರಿಗೆ ಮುಂದೆ ಮೋಗಿ ಎಂಬವರು ಬರುತ್ತಾರೆಂದು ಗೊತ್ತಿರಲಿಲ್ಲ. ಆದರೂ ಮಿಲಿಮೀಟರ್ ಬಿಡದೆ ಅಳೆದು ಬರೆದಿಟ್ಟರು. ನನಗೆ ಅವರ ಮೇಲೆ ಬಹಳ ಗೌರವವಿದೆ.

ಈಗ ತಮ್ಮನ ಮಾತ್ರೆಗೆ ಬರುತ್ತೇನೆ, ಏಕೆಂದರೆ ಅದರ ಹುಟ್ಟು ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತದೆ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ರಕ್ತಕಣಗಳಲ್ಲಿ ಇರಬೇಕಾದುದಕ್ಕಿಂತ ಚಿಕ್ಕದಾದ ಒಂದು ವರ್ಣತಂತು (ಕ್ರೋಮೋಸೋಮ್) ಇದೆ ಎಂದು ಗುರುತಿಸಿದರು. ಅಷ್ಟೇ. ಅದು ಏಕೆ ಚಿಕ್ಕದು ಎಂಬುದು ತಿಳಿಯಲು 13 ವರ್ಷ ಬೇಕಾಯಿತು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತ, 22ನೆಯ ವರ್ಣತಂತುವಿನ ತುಂಡು 9ನೆಯದಕ್ಕೆ ಹೋಗಿ ಅಂಟಿಕೊಂಡಿರುವುದನ್ನು ಕಂಡರು. 9ನೆಯದರ ತುಂಡೂ ಇತ್ತ ಬಂದಿದೆ, ಎರಡು ವಂಶವಾಹಿಗಳು ಬೆಸೆದು ಹೊಸದೊಂದು ಪ್ರೋಟೀನ್ ಹುಟ್ಟಿದೆ ಎಂಬುದು 1980ರ ದಶಕದಲ್ಲಿ ಗೊತ್ತಾಯಿತು. ಅದರ ಹೆಸರು ಬಿಸಿಆರ್-ಎಬಿಎಲ್. ಕಣಕ್ಕೆ 'ಹೆಚ್ಚಾಗು, ಹೆಚ್ಚಾಗು' ಎಂದು ಹೇಳುವ ಕಿಣ್ವ ಅದು. ಹಾಕಿದ ಸ್ವಿಚ್ ಆರುವುದೇ ಇಲ್ಲ. ಆ ಕಿಣ್ವದ ಮೈಯಲ್ಲಿ ಶಕ್ತಿಯ ಅಣು ಬಂದು ಕೂರುವ ಒಂದು ಕುಳಿ ಇದೆ. ಇಮ್ಯಾಟಿನಿಬ್ ಆ ಕುಳಿಯಲ್ಲಿ ತಾನೇ ಹೋಗಿ ಕುಳಿತುಬಿಡುತ್ತದೆ, ಶಕ್ತಿ ಸಿಗದೆ ಕಿಣ್ವದ ಕೆಲಸ ನಿಲ್ಲುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ನಿಕೋಲಸ್ ಲೈಡನ್ ಅವರ ತಂಡ ಸಿದ್ಧಪಡಿಸಿದ ಈ ಅಣುವನ್ನು ಅಮೆರಿಕದ ಬ್ರಯನ್ ಡ್ರೂಕರ್ ಪಟ್ಟುಹಿಡಿದು ರೋಗಿಗಳವರೆಗೆ ತಂದರು. ಮನುಷ್ಯರ ಮೇಲಿನ ಮೊದಲ ಪ್ರಯೋಗ ಶುರುವಾದದ್ದು 1998ರಲ್ಲಿ. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ರೋಗಿಗಳಲ್ಲಿ 53 ಜನರ ರಕ್ತದ ಎಣಿಕೆ ಸರಿಹೋಯಿತು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ಒಂದು ಚಿಕ್ಕ ವರ್ಣತಂತು ಕಂಡ ದಿನದಿಂದ 41 ವರ್ಷ. 1960ರಲ್ಲಿ ಆ ಇಬ್ಬರನ್ನು ಯಾರಾದರೂ 'ಇದರಿಂದ ಯಾರಿಗೆ ಉಪಯೋಗ' ಎಂದು ಕೇಳಿದ್ದರೆ, ಬೆಟಗೇರಿಯ ಒಬ್ಬ ನೇಕಾರನಿಗೆ ಎಂದು ಹೇಳಲು ಅವರಿಂದ ಸಾಧ್ಯವಿರಲಿಲ್ಲ.

ಔಷಧ ಇದ್ದರೆ ಸಾಲದು, ಕೈಗೆಟುಕಬೇಕು. ಕಂಪನಿಯ ಮೂಲ ಮಾತ್ರೆಯ ಬೆಲೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಅದಕ್ಕೆ ಭಾರತದಲ್ಲಿ ಪೇಟೆಂಟ್ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪು ಕೊಟ್ಟಿತು. ಹಾಗಾಗಿ ನಮ್ಮ ದೇಶದ ಕಂಪನಿಗಳು ಅದರ ಹತ್ತನೆಯ ಒಂದು ಪಾಲಿನ ಬೆಲೆಗೆ ತಯಾರಿಸುತ್ತಿದ್ದ ಮಾತ್ರೆ ಅಂಗಡಿಯಲ್ಲಿ ಉಳಿಯಿತು. ಮರುವರ್ಷವೇ ನಮ್ಮ ಮನೆಗೆ ಅದು ಬೇಕಾಯಿತು.

ಮೂರು ತಿಂಗಳಲ್ಲಿ ಗುಲ್ಮ ವೈದ್ಯರ ಬೆರಳಿಗೆ ಸಿಗದಾಯಿತು. ತಮ್ಮ ನಾಲ್ಕು ರೊಟ್ಟಿಗೆ ಮರಳಿದ. ಕಣ್ಣಿನ ಸುತ್ತ ಸ್ವಲ್ಪ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಉಳಿದವು. ಆದರೆ ಅಳೆಯುವುದು ನಿಲ್ಲಲಿಲ್ಲ, ಟೇಪಿನ ಜಾಗಕ್ಕೆ ಪಿಸಿಆರ್ ಪರೀಕ್ಷೆ ಬಂತು. ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಆ ಬೆಸೆದ ವಂಶವಾಹಿಯ ಪ್ರಮಾಣ ಶೇಕಡಾ 0.1ರ ಕೆಳಗಿದ್ದರೆ ನೆಮ್ಮದಿ. ಒಂದು ಸಲ ವರದಿಯಲ್ಲಿ 0.04 ಇದ್ದದ್ದು 0.3 ಆಗಿ ಬಂತು. ಮೈಯಲ್ಲಿ ಯಾವ ಬದಲಾವಣೆಯೂ ಇರಲಿಲ್ಲ, ರಕ್ತದ ಎಣಿಕೆಯೂ ಸರಿಯಿತ್ತು. ಕೂರಿಸಿ ಕೇಳಿದಾಗ ಬಾಯಿಬಿಟ್ಟ: ಮದುವೆ ಸೀಸನ್ನಿನ ಸೀರೆಗಳ ಒತ್ತಡದಲ್ಲಿ ಹೊತ್ತಿಗೆ ಊಟವಿಲ್ಲ, ಊಟವಿಲ್ಲದೆ ಮಾತ್ರೆ ನುಂಗಿದರೆ ವಾಕರಿಕೆ, ಅದಕ್ಕೇ ವಾರದಲ್ಲಿ ಎರಡು ಮೂರು ದಿನ ಬಿಟ್ಟಿದ್ದ. ನಾನು ಬೈದೆ, ಆಮೇಲೆ ಅತ್ತುಬಿಟ್ಟೆ. ಮಾತ್ರೆ ಸರಿಯಾಗಿ ಶುರುವಾದ ಮೇಲೆ ಅಂಕಿ ಮತ್ತೆ ಇಳಿಯಿತು. ಆ ಸಣ್ಣ ಅಂಕಿಯನ್ನು ಯಾರೂ ಅಳೆಯದೇ ಇದ್ದಿದ್ದರೆ ಮುಂದಿನ ಸೂಚನೆ ಮತ್ತೆ ಪಕ್ಕೆಲುಬಿನ ಕೆಳಗಿನ ಉಬ್ಬೇ ಆಗುತ್ತಿತ್ತು.

ನಿಮ್ಮ ತಂಗಿ ಕಲಿಯಹೊರಟಿರುವುದು ಭೂಮಿಗೆ ಮಾಡುವ ಇಂಥದೇ ಪರೀಕ್ಷೆ. ಉಪಗ್ರಹ ಒಂದೇ ಜಾಗದ ಮೇಲೆ ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಹಾದು, ರೇಡಾರ್ ಅಲೆ ಬಿಟ್ಟು ಅದರ ಮರುಅಲೆಯನ್ನು ಹಿಡಿಯುತ್ತದೆ. ನಡುವೆ ನೆಲ ಮೇಲೆದ್ದಿದ್ದರೆ ಅಲೆ ಹೋಗಿಬರುವ ದೂರ ಕಡಿಮೆಯಾಗಿ, ಎರಡು ಚಿತ್ರಗಳ ಅಲೆಗಳು ಹೊಂದುವುದಿಲ್ಲ. ಆ ವ್ಯತ್ಯಾಸ ಬಣ್ಣದ ಬಳೆಗಳಂತೆ ಮೂಡುತ್ತದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರದಲ್ಲಿ ಒಂದು ಬಳೆ ಎಂದರೆ ನೆಲ ಸುಮಾರು 2.8 ಸೆಂಟಿಮೀಟರ್ ಸರಿದಿದೆ ಎಂದರ್ಥ. ಆದರೆ ಅದರ ಅಲೆ ಗಿಡಮರಗಳ ಎಲೆಗಳಲ್ಲೇ ಗೊಂದಲಗೊಳ್ಳುತ್ತದೆ, ಗಾಳಿಯ ತೇವವೂ ನೆಲ ಉಬ್ಬಿದಂತೆ ಮೋಸ ಮಾಡುತ್ತದೆ. ನಿಜವಾದ ಉಬ್ಬನ್ನು ಈ ಮೋಸದಿಂದ ಬೇರ್ಪಡಿಸುವುದೇ ಈ ಸಂಶೋಧನೆಯ ದೊಡ್ಡ ಪಾಲು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದಲ್ಲಿ 24 ಸೆಂಟಿಮೀಟರಿನ ಉದ್ದ ಅಲೆಯ ರೇಡಾರ್ ಇದೆ. ಅದು ಎಲೆಗಳ ನಡುವಿನಿಂದ ನೆಲದವರೆಗೆ ಇಳಿಯಬಲ್ಲದು. ನಾಸಾ ಜೊತೆ ಸೇರಿ ಇಸ್ರೋ ಮಾಡಿದ ಕೆಲಸ ಅದು. ನಿಮ್ಮ ತಂಗಿಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗಲಾರದು.

ಇದರಿಂದ ಜೀವ ಉಳಿಯುತ್ತದೆಯೇ? ಐಸ್‌ಲೆಂಡಿನ ಗ್ರಿಂಡಾವಿಕ್ ಊರನ್ನು ನೋಡಿ. 2023ರ ನವೆಂಬರ್ 10ರಂದು ಭೂಕಂಪಗಳ ಜೊತೆಗೆ ನೆಲದ ಅಳತೆಗಳೂ ಊರಿನ ಅಡಿಯಲ್ಲೇ ಶಿಲಾಪಾಕ ನುಗ್ಗುತ್ತಿದೆ ಎಂದು ತೋರಿಸಿದವು. ಆ ರಾತ್ರಿಯೇ ಇಡೀ ಊರನ್ನು ಖಾಲಿ ಮಾಡಿಸಿದರು. ಮರುವರ್ಷದ ಜನವರಿಯಲ್ಲಿ ಲಾವಾ ಊರಂಚಿಗೆ ಬಂದು ಮೂರು ಮನೆಗಳನ್ನು ಸುಟ್ಟಿತು. ಮನೆಗಳಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಮುಖವನ್ನೂ ಹೇಳಬೇಕು. ಇಟಲಿಯ ಪೊಝುವೋಲಿಯಲ್ಲಿ 1982ರಿಂದ 84ರ ನಡುವೆ ನೆಲ 1.8 ಮೀಟರಿನಷ್ಟು ಎದ್ದಿತು, ಸುಮಾರು 40,000 ಜನರನ್ನು ಸ್ಥಳಾಂತರಿಸಿದರು, ಆದರೆ ಜ್ವಾಲಾಮುಖಿ ಸಿಡಿಯಲೇ ಇಲ್ಲ. ಉಬ್ಬಿದ್ದೆಲ್ಲ ಸಿಡಿಯುವುದಿಲ್ಲ, ಯಾವುದು ಸಿಡಿಯುತ್ತದೆ ಎಂದು ಖಚಿತವಾಗಿ ಹೇಳುವ ವಿದ್ಯೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಅದಕ್ಕಾಗಿಯೇ ಹೊಸ ಹುಡುಗಿಯರು ಬೇಕು. ಕ್ಯಾನ್ಸರ್ ಕಡೆಯೂ ಹೀಗೆಯೇ. ನನ್ನ ತಮ್ಮನ ರೋಗದಲ್ಲಿ ತಪ್ಪು ಒಂದೇ ಕಡೆ ಇತ್ತು, ಗುರಿ ಹಿಡಿಯಲು ಸಾಧ್ಯವಾಯಿತು. ಕೆ-ರಾಸ್ ಎಂಬ ವಂಶವಾಹಿಯ ದೋಷ ಮನುಷ್ಯರ ಗಡ್ಡೆಗಳಲ್ಲಿ ಕಂಡದ್ದು 1982ರಲ್ಲಿ, ಅದಕ್ಕೆ ಗುರಿಯಿಟ್ಟ ಮೊದಲ ಔಷಧಕ್ಕೆ ಅನುಮತಿ ಸಿಕ್ಕಿದ್ದು 2021ರಲ್ಲಿ. ಅತ್ತ ಹೋದರೂ ನಿಮ್ಮ ತಂಗಿ ಹತ್ತಾರು ವರ್ಷ ಕಾಯಬೇಕಾಗುತ್ತಿತ್ತು.

ನಮ್ಮಲ್ಲಿ ಜ್ವಾಲಾಮುಖಿ ಇಲ್ಲ ಎಂಬ ಮಾತಿಗೆ: ಅಂಡಮಾನಿನ ಬ್ಯಾರನ್ ದ್ವೀಪ ಭಾರತದ್ದೇ, ಅದು ಇಂದಿಗೂ ಜೀವಂತ. ನಮ್ಮ ಕಪ್ಪತಗುಡ್ಡದ ಹಸಿರು ಬಣ್ಣದ ಕಲ್ಲುಗಳು ಕೂಡ 250 ಕೋಟಿ ವರ್ಷಗಳಿಗೂ ಹಿಂದಿನ ಲಾವಾ. ನನ್ನ ವಿದ್ಯಾರ್ಥಿಗಳಿಗೆ ಅಲ್ಲಿಯೇ ಮೊದಲ ಪಾಠ. ಅದಕ್ಕಿಂತ ಮುಖ್ಯವಾಗಿ, ಈ ವಿದ್ಯೆ ಜ್ವಾಲಾಮುಖಿಗೆ ಮಾತ್ರ ಸೀಮಿತವಲ್ಲ. ಉತ್ತರಾಖಂಡದ ಜೋಶಿಮಠದಲ್ಲಿ ಮನೆಗಳು ಬಿರುಕು ಬಿಟ್ಟಾಗ, 12 ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿದೆ ಎಂದು 2023ರ ಜನವರಿಯಲ್ಲಿ ಇಸ್ರೋ ಹೇಳಿದ್ದು ಇದೇ ರೀತಿಯ ರೇಡಾರ್ ಚಿತ್ರಗಳಿಂದ. ಅಂತರ್ಜಲ ಬತ್ತಿ ಕುಸಿಯುವ ನಗರ, ಗಣಿಯ ಮೇಲಿನ ನೆಲ, ಅಣೆಕಟ್ಟಿನ ಗೋಡೆ, ಎಲ್ಲಕ್ಕೂ ಇದು ಸಲ್ಲುತ್ತದೆ.

ನೀವು ಕೇಳದಿದ್ದರೂ ಮನೆಯವರ ಮನಸ್ಸಿನಲ್ಲಿರುವುದು ಹೊಟ್ಟೆಪಾಡಿನ ಚಿಂತೆ ಎಂದುಕೊಳ್ಳುತ್ತೇನೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಭೂವಿಜ್ಞಾನ ವಿಭಾಗದಲ್ಲಿ ಫೆಲೋಶಿಪ್ ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಮನೆಯಿಂದ ಹಣ ಕೇಳಬೇಕಾಗುವುದಿಲ್ಲ. ಗಣಿತ ಮರೆತಿದ್ದರೆ ಈಗಿನಿಂದಲೇ ತಿದ್ದಿಕೊಳ್ಳಲಿ, ಮುಖ್ಯವಾಗಿ ಮ್ಯಾಟ್ರಿಕ್ಸ್ ಮತ್ತು ಅಲೆಗಳ ಲೆಕ್ಕ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲಿ. ಸೆಂಟಿನೆಲ್-1ರ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಆದ್ದರಿಂದ ಯಾರ ಅಪ್ಪಣೆಗೂ ಕಾಯದೆ ಬ್ಯಾರನ್ ದ್ವೀಪದ ಎರಡು ಚಿತ್ರಗಳನ್ನು ಇಳಿಸಿಕೊಂಡು ತಾನೇ ಹೊಂದಿಸಿ ನೋಡಲಿ. ಮೊದಲ ಸಲ ಬಣ್ಣಗಳ ರಾಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದನ್ನು ಕಂಡ ಮೇಲೂ ಅವಳು ಕಂಪ್ಯೂಟರಿನ ಮುಂದಿನಿಂದ ಏಳದಿದ್ದರೆ, ನೀವು ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸಿ.