ಒಂಬತ್ತನೇ ಕಂತು ಇಲ್ಲದ ಯುದ್ಧ

ಯುದ್ಧದ ಸೀರಿಯಲ್ ಒಂದನ್ನು ಎರಡು ಮೂರು ರಾತ್ರಿಯಲ್ಲಿ ನೋಡಿ ಮುಗಿಸಿ, ಆಮೇಲೆ ನಿದ್ದೆ ಬರದೆ ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದವರು ಈ ವರ್ಷ ನಾಲ್ಕು ಜನ. ಮೂವರದು ಬೇಗ ಸರಿ ಹೋಯಿತು. ನಾಲ್ಕನೆಯವನದು ಹಾಗಾಗಲಿಲ್ಲ. ಅವನು ನೋಡಿದ ಯುದ್ಧ ಮನೆಯ ಊಟದ ಹೊತ್ತಿಗೂ ಬಂದುಬಿಟ್ಟಿತ್ತು. ಹೆಸರು, ಕೆಲಸ, ಊರು ಬದಲಾಯಿಸಿ ಬರೆಯುತ್ತಿದ್ದೇನೆ.

ಅವನನ್ನು ಕಿರಣ ಅಂತ ಕರೆಯುತ್ತೇನೆ. ವಯಸ್ಸು 26. ಬೆಂಗಳೂರಿನಲ್ಲಿ ಕೆಲಸ, ಮನೆ ಹಾಸನದ ಕಡೆ. ತಂದೆ ನಿವೃತ್ತ ಹವಾಲ್ದಾರ್. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಭಾರತದ ಶಾಂತಿಪಾಲನಾ ಪಡೆಯಲ್ಲಿ ಇದ್ದವರು. ಆಗ ಅವರಿಗೆ 21 ವರ್ಷ. ಆ ವಿಷಯವನ್ನು ಮನೆಯಲ್ಲಿ ಎತ್ತಬಾರದು ಅಂತ ಯಾರೂ ಹೇಳಿಲ್ಲ. ಆದರೂ ಯಾರೂ ಎತ್ತುವುದಿಲ್ಲ.

ಕಿರಣ ನೋಡಿದ್ದು 'ಬ್ಯಾಂಡ್ ಆಫ್ ಬ್ರದರ್ಸ್'. 2001ರಲ್ಲಿ ಎಚ್‌ಬಿಒದಲ್ಲಿ ಬಂದ ಹತ್ತು ಕಂತುಗಳ ಸರಣಿ. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದ ಅಮೆರಿಕದ 'ಈಸಿ ಕಂಪನಿ' ಎಂಬ ತುಕಡಿಯ ಕಥೆ. ಅವರು ನಾರ್ಮಂಡಿಯಲ್ಲಿ ಇಳಿದದ್ದು 1944ರ ಜೂನ್ 6ರಂದು. ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ ತಿಂಗಳಲ್ಲಿ. ಆ ಹುಡುಗರು ಹನ್ನೊಂದು ತಿಂಗಳು ಅನುಭವಿಸಿದ್ದನ್ನು ಕಿರಣ ಶುಕ್ರವಾರ ರಾತ್ರಿಯಿಂದ ಭಾನುವಾರ ಬೆಳಗಿನ ಜಾವದೊಳಗೆ ನೋಡಿದ. ಊರಿಗೆ ಬಂದಿದ್ದ. ರಗ್ಗು ಹೊದ್ದು, ಇಯರ್‌ಫೋನ್ ಹಾಕಿಕೊಂಡು, ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿರುವಾಗ.

ಬೆಲ್ಜಿಯಂನ ಬಾಸ್ಟೋನ್ ಕಾಡಿನ ಹಿಮದಲ್ಲಿ ತುಕಡಿಯ ವೈದ್ಯಕೀಯ ಸಹಾಯಕ ಯೂಜೀನ್ ರೋ ಒಂದು ಕತ್ತರಿಗಾಗಿ, ನೋವು ತಗ್ಗಿಸುವ ಒಂದಿಷ್ಟು ಮಾರ್ಫಿನ್‌ಗಾಗಿ ಸೈನಿಕರು ಅಡಗಿದ ಗುಂಡಿಯಿಂದ ಗುಂಡಿಗೆ ಅಲೆಯುತ್ತಾನೆ. ಅದನ್ನು ಹೇಳುವಾಗ ಕಿರಣನ ಕೈ ನಡುಗುತ್ತಿತ್ತು. ಟಾಯ್ ಮತ್ತು ಗಾರ್ನಿಯರ್ ಎಂಬ ಸೈನಿಕರಿಬ್ಬರೂ ಒಂದೇ ದಿನ ಒಂದೊಂದು ಕಾಲು ಕಳೆದುಕೊಳ್ಳುವ ಕಡೆ ದಿಂಬು ಕಚ್ಚಿಕೊಂಡು ಅತ್ತನಂತೆ. ಅತ್ತು ಮುಗಿಯುವ ಮೊದಲೇ ಮುಂದಿನ ಕಂತು ತಾನಾಗಿ ಶುರುವಾಗಿತ್ತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದ. "ಅಪ್ಪಾ, ಲಂಕಾದಲ್ಲಿ ನೀನು ಎಷ್ಟು ಜನರನ್ನ ಕೊಂದೆ?"

ಅಪ್ಪ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದುಕೊಂಡರು. ಆಮೇಲೆ ಮಗನ ಹತ್ತಿರ ಮಾತಿಲ್ಲ. ಮೂರು ವಾರದ ಮೇಲೆ ತಾಯಿ ಅವನನ್ನು ಕರೆದುಕೊಂಡು ಬಂದರು. "ಆ ಹಾಳು ಸೀರಿಯಲ್ ನೋಡ್ಬೇಡ ಅಂತ ನೀವಾದ್ರೂ ಹೇಳಿ ಮೇಡಂ" ಅಂದರು.

ನಾನು ಹಾಗೆ ಹೇಳಲಿಲ್ಲ. ಸರಣಿಯಿಂದ ಅವನಿಗೆ ಕೆಟ್ಟದ್ದಾಗಿಲ್ಲ ಅಂತ ನನಗೆ ಅನಿಸಿತು. 26 ವರ್ಷದಲ್ಲಿ ಮೊದಲ ಸಲ ಅಪ್ಪನನ್ನು ಒಬ್ಬ 21ರ ಹುಡುಗನಾಗಿ ನೋಡಿದ್ದ. ಅದು ಸಣ್ಣ ವಿಷಯ ಅಲ್ಲ. ತೊಂದರೆ ಆದದ್ದು ನೋಡಿದ ರೀತಿಯಿಂದ. ಎರಡು ರಾತ್ರಿ ನಿದ್ದೆ ಇಲ್ಲ, ಮಧ್ಯೆ ಉಸಿರು ಬಿಡಲು ಜಾಗ ಇಲ್ಲ. ಮೈಯಲ್ಲಿ ಇನ್ನೂ ಗುಂಡಿನ ಸದ್ದು ಇರುವಾಗಲೇ ಊಟಕ್ಕೆ ಕೂತಿದ್ದಾನೆ. ಅಂಥ ಹೊತ್ತಿನಲ್ಲಿ ಬಾಯಿಂದ ಬರುವ ಪ್ರಶ್ನೆ ಹಾಗೇ ಇರುತ್ತದೆ.

ಮೊದಲ ಎರಡು ಭೇಟಿ ನಿದ್ದೆ ಸರಿಮಾಡುವುದರಲ್ಲೇ ಕಳೆದವು. ಮೂರನೇ ಸಲ ಅವನು ಸಿಟ್ಟಿನಲ್ಲಿ ಬಂದ.

"ಆ ಸರಣಿಯಲ್ಲಿ ನಿಜವಾದ ಸೈನಿಕರೇ ಬಂದು ಮಾತಾಡ್ತಾರೆ ಮೇಡಂ. ಕಂತಿನ ಶುರುವಲ್ಲಿ. ಅವರ ಹೆಸರು ಕೊನೇ ಕಂತಿನವರೆಗೂ ತೋರಿಸಲ್ಲ. ಗುರುತೇ ಇಲ್ಲದವರಿಗೆಲ್ಲ ಹೇಳ್ಕೊಳ್ತಾರೆ. ನಮ್ಮಪ್ಪ ನನ್ನೊಬ್ಬನಿಗೆ ಹೇಳೋಕಾಗಲ್ವಾ?"

"ಅವರಿಗೆ ಆಗ ಎಷ್ಟು ವಯಸ್ಸು?" ಅಂದೆ.

"ಎಂಬತ್ತರ ಹತ್ತಿರ ಇರ್ಬೇಕು."

"ಯುದ್ಧ ಮುಗಿದು ಎಷ್ಟು ವರ್ಷ ಆಗಿತ್ತು?"

ಲೆಕ್ಕ ಹಾಕಿದ. "ಐವತ್ತೈದು."

"ನಿಮ್ಮಪ್ಪ ವಾಪಸ್ ಬಂದು?"

"ಮೂವತ್ತೈದು" ಅಂದವನು ಸುಮ್ಮನಾದ. ಸಿಟ್ಟು ಸ್ವಲ್ಪ ಇಳಿಯಿತು.

ನಾನು ಬೇರೆ ಪ್ರಶ್ನೆ ಕೇಳಿದೆ. ಒಂದೇ ಒಂದು ಕಂತನ್ನು ಮತ್ತೆ ನೋಡುವುದಾದರೆ ಯಾವುದು? ಬಾಸ್ಟೋನ್ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು "ಒಂಬತ್ತನೇದು" ಅಂದ. 1945ರ ಏಪ್ರಿಲ್‌ನಲ್ಲಿ ಆ ಸೈನಿಕರು ಜರ್ಮನಿಯ ಲ್ಯಾಂಡ್ಸ್‌ಬರ್ಗ್ ಊರಿನ ಹತ್ತಿರ ಕಾಡಿನಲ್ಲಿ ಬೇಲಿ ಹಾಕಿದ ಒಂದು ಕ್ಯಾಂಪ್ ನೋಡುತ್ತಾರೆ. ಒಳಗೆ ನಾಜಿಗಳು ಕೂಡಿಹಾಕಿದ, ಮೂಳೆ ಚರ್ಮ ಮಾತ್ರ ಉಳಿದ ಯಹೂದಿಗಳು. ನಾವು ಯಾಕೆ ಹೋರಾಡುತ್ತೇವೆ ಅನ್ನುವುದೇ ಆ ಕಂತಿನ ಹೆಸರಿನ ಅರ್ಥ.

"ಅದನ್ನೇ ಯಾಕೆ?"

"ಅಷ್ಟು ಜನ ಸತ್ತಿದ್ದು, ಅಷ್ಟು ಕಷ್ಟಪಟ್ಟಿದ್ದು ಯಾಕೆ ಅಂತ ಅಲ್ಲಿ ಗೊತ್ತಾಗುತ್ತೆ. ನೋಡಿದ ನನಗೂ ಸಮಾಧಾನ ಆಯ್ತು." ಇಷ್ಟು ಹೇಳಿ ಕಿಟಕಿ ಕಡೆ ನೋಡುತ್ತಾ ಕೂತ. ನಾನು ಮಾತಾಡಲಿಲ್ಲ. ತುಂಬಾ ಹೊತ್ತಿನ ಮೇಲೆ ಹೇಳಿದ. "ನಮ್ಮಪ್ಪಂಗೆ ಅದು ಸಿಗಲಿಲ್ಲ ಅಲ್ವಾ ಮೇಡಂ? ಅಪ್ಪನ ಯುದ್ಧಕ್ಕೆ ಒಂಬತ್ತನೇ ಕಂತೇ ಇಲ್ಲ."

ಆ ಮಾತು ಇನ್ನೂ ನನ್ನ ತಲೆಯಲ್ಲಿದೆ. ಅವನ ತಂದೆಯ ಪಡೆ ಹೋದದ್ದು ಶಾಂತಿ ಕಾಯಲು. 1987ರ ಜುಲೈ 29ರಂದು ಭಾರತ ಮತ್ತು ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದವು. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ತಮಿಳರ ಊರು ಜಾಫ್ನಾದಲ್ಲಿ, ತಮಿಳರಿಗೆ ಬೇರೆ ದೇಶ ಬೇಕು ಅಂತ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆ ಗಲ್ಲಿ ಗಲ್ಲಿಯಲ್ಲಿ ಹೊಡೆದಾಡುತ್ತಿತ್ತು. ಯಾರನ್ನು ಕಾಯಲು ಬಂದರೋ ಅವರ ಮನೆಗಳ ನಡುವೆಯೇ ಯುದ್ಧ. ಜನಸಾಮಾನ್ಯರೂ ಸತ್ತರು. ಕೊನೆಯ ತಂಡ ವಾಪಸ್ ಬಂದದ್ದು 1990ರ ಮಾರ್ಚ್‌ನಲ್ಲಿ. ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ತೀರಿಕೊಂಡಿದ್ದರು. ಗೆದ್ದೆವು ಅಂತ ಹೇಳಿಕೊಳ್ಳಲು ಏನೂ ಇರಲಿಲ್ಲ. ಇದನ್ನೆಲ್ಲ ಒಬ್ಬ ಅಪ್ಪ ಊಟದ ಮಧ್ಯೆ ಒಂದು ಸಂಖ್ಯೆಯಾಗಿ ಹೇಗೆ ಹೇಳಬೇಕು?

ಅವತ್ತು ನಾನು ಕೊಟ್ಟ ಸಲಹೆ ಇದು. ಅಪ್ಪನ ಹತ್ತಿರ ಕ್ಷಮೆ ಕೇಳು, ಒಂದೇ ವಾಕ್ಯದಲ್ಲಿ. ಅಲ್ಲೇ ಕೂತು ಅಭ್ಯಾಸ ಮಾಡಿದೆವು. "ಅಪ್ಪಾ, ಅವತ್ತು ನಾನು ಹಾಗೆ ಕೇಳಬಾರದಿತ್ತು." ಅವನು ಅದಕ್ಕೆ "ಯಾಕಂದ್ರೆ ನಾನು ಒಂದು ಸೀರಿಯಲ್ ನೋಡಿದ್ದೆ" ಅಂತ ಸೇರಿಸಿದ. ಬೇಡ ಅಂದೆ. "ನಿನಗೆ ಯಾವಾಗ ಹೇಳಬೇಕು ಅನ್ಸುತ್ತೋ ಆವಾಗ ಹೇಳು" ಅಂತ ಸೇರಿಸಿದ. ಅದೂ ಬೇಡ ಅಂದೆ. ಕೇಳಲು ಒಳ್ಳೆಯ ಮಾತೇ. ಆದರೆ ಅದೂ ಇನ್ನೊಂದು ಪ್ರಶ್ನೆಯೇ. ಇವತ್ತು ಹೇಳ್ತೀಯಾ, ನಾಳೆ ಹೇಳ್ತೀಯಾ ಅಂತ ದಿನಾ ಬಾಗಿಲಲ್ಲಿ ನಿಂತ ಹಾಗೆ. ಉತ್ತರಕ್ಕೂ ಕಾಯಬೇಡ, ಹೇಳಿ ನಿನ್ನ ಕೆಲಸಕ್ಕೆ ಹೋಗು ಅಂದೆ.

ಸರಣಿಯನ್ನು ಮತ್ತೆ ನೋಡು ಅಂತಲೂ ಹೇಳಿದೆ. ವಾರಕ್ಕೆ ಒಂದೇ ಕಂತು, ಹಗಲು ಹೊತ್ತಿನಲ್ಲಿ. ಕೊನೆಯಲ್ಲಿ ಹೆಸರುಗಳು ಪೂರ್ತಿ ಹೋಗುವವರೆಗೂ ಏಳಬಾರದು. ಆಮೇಲೆ ಅರ್ಧ ಗಂಟೆ ನಡೆಯಬೇಕು, ಫೋನ್ ಮನೆಯಲ್ಲಿಟ್ಟು. ಏಳನೇ ಕಂತು ನೋಡುವಾಗ ಬಕ್ ಕಾಂಪ್ಟನ್ ಎಂಬ ಅಧಿಕಾರಿಯನ್ನು ಗಮನಿಸು ಅಂದೆ. ಗೆಳೆಯರ ಕಾಲು ಹೋದದ್ದು ನೋಡಿ ಅವನು ಒಳಗೇ ಮುರಿದುಹೋಗುತ್ತಾನೆ. ಜೊತೆಯವರು ಅವನನ್ನು ಏನೂ ಕೇಳಿ ಕಾಡುವುದಿಲ್ಲ, ಅವನ ಬಗ್ಗೆ ಕೀಳಾಗಿಯೂ ಯೋಚಿಸುವುದಿಲ್ಲ. ಮೊದಲ ಸಲ ನೋಡಿದಾಗ ಕಿರಣನಿಗೆ ಇದು ಕಂಡೇ ಇರಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಈ ಸಲಹೆ ಹಿಡಿಸಲಿಲ್ಲ. ನಮ್ಮ ಗಂಡಸರು ಮೊದಲೇ ಮಾತಾಡುವುದಿಲ್ಲ, ನೀವು ಬಾಯಿ ಮುಚ್ಚಿಸುತ್ತಿದ್ದೀರಿ ಅಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮಾತಾಡಲು ಅವಕಾಶ ಕೊಡುವುದು ಬೇರೆ, ಮಾತು ಕೀಳುವುದು ಬೇರೆ. ದುರಂತ ಕಂಡವರನ್ನು ಅವರ ಕಥೆ ಹೇಳಿ ಅಂತ ಒತ್ತಾಯಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುತ್ತದೆ. ಅದು ಆಗಷ್ಟೇ ದುರಂತ ನಡೆದವರಿಗೆ ಬರೆದದ್ದು, ನಿಜ. ಆದರೆ 35 ವರ್ಷ ಆದ ಮಾತ್ರಕ್ಕೆ ಒತ್ತಾಯ ಒಳ್ಳೆಯದಾಗುವುದಿಲ್ಲ. ತಂದೆ ನನ್ನ ಹತ್ತಿರ ಸಲಹೆಗೆ ಬಂದವರೂ ಅಲ್ಲ. ಬಂದವನು ಮಗ. ಬಾರದವರ ಗಾಯವನ್ನು ಮಗನ ಕೈಯಿಂದ ಬಿಚ್ಚಿಸುವ ಹಕ್ಕು ನನಗಿಲ್ಲ.

ಒಂದು ವಿಷಯ ಮಾತ್ರ ತಾಯಿಯನ್ನು ಬೇರೆಯಾಗಿ ಕೂರಿಸಿ ಕೇಳಿದೆ. ಯಜಮಾನರು ರಾತ್ರಿ ಬೆಚ್ಚಿ ಏಳುತ್ತಾರಾ? ಕುಡಿತ ಜಾಸ್ತಿ ಆಗಿದೆಯಾ? ಬದುಕು ಸಾಕು ಅನ್ನುವ ಮಾತು ಬಂದಿದೆಯಾ? ಇಲ್ಲ ಅಂದರು. ಇದ್ದಿದ್ದರೆ ನನ್ನ ಸಲಹೆಯೇ ಬೇರೆ ಇರುತ್ತಿತ್ತು. ನಿಮ್ಮ ಮನೆಯಲ್ಲಿ ಇವು ಇದ್ದರೆ ದಯವಿಟ್ಟು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಿರಣ ಆ ಶನಿವಾರ ಊರಿಗೆ ಹೋಗಿ ಆ ಒಂದು ವಾಕ್ಯ ಹೇಳಿದ. ಅಪ್ಪ "ಹೂಂ" ಅಂದರಂತೆ, ಅಷ್ಟೇ. ಎರಡು ವಾರದ ಮೇಲೆ "ಮಿಲಿಟರಿ ಕ್ಯಾಂಟೀನಿಗೆ ಹೋಗ್ಬೇಕು, ಗಾಡಿ ತೆಗಿ" ಅಂದರಂತೆ. ದಾರಿಯುದ್ದಕ್ಕೂ ಟೈರಿನ ಗಾಳಿ, ಕಾಫಿ ರೇಟು, ಅತ್ತೆ ಮಗಳ ಮದುವೆ ಇವೇ ಮಾತು. ಇದನ್ನು ಹೇಳುವಾಗ ಕಿರಣನ ಮುಖ ನೋಡಬೇಕಿತ್ತು.

ಕೊನೆಯ ಭೇಟಿಯಲ್ಲಿ ಕೇಳಿದ. "ಅಪ್ಪ ಯಾವತ್ತೂ ಹೇಳದೇ ಹೋದ್ರೆ?"

"ಹೇಳದೇ ಹೋಗಬಹುದು" ಅಂದೆ. ಬೇರೆ ಸಮಾಧಾನ ಹೇಳಬೇಕು ಅನಿಸಲಿಲ್ಲ. ಅವನೂ ಕೇಳಲಿಲ್ಲ.

ಇದನ್ನು ಬರೆಯಲು ಅವನು ಒಪ್ಪಿದ. ನಿಮ್ಮ ತಂದೆಯನ್ನೂ ಕೇಳಬೇಕು ಅಂದೆ. ಮರುದಿನ ಫೋನ್ ಮಾಡಿ ಅಪ್ಪನ ಉತ್ತರ ತಿಳಿಸಿದ. "ಬರ್ಕೊಳ್ಳಲಿ. ಹೆಸರು ಮಾತ್ರ ಬೇಡ."